ಬೊಂಬಾಯಿಯಲ್ಲಿ ಎದುರುಬದುರು ಒಂದು ಊಟ

ಮೊನ್ನೆ ಮೆಲ್ಕಾರಿನ ಒಂದು ಹೋಟೆಲಿನಲ್ಲಿ ಚಾ ತಂದಿಟ್ಟವನನ್ನು ನಮ್ಮವರು "ಊರು ಎಲ್ಲಿ?" ಎಂದು ಕೇಳಿದರು. ಅವನು ನೇಪಾಳ ಎಂದ. ಇವರು ಸ್ವಲ್ಪವೂ ಅಳುಕದೆ "ನೇಪಾಳದಲ್ಲಿ ಎಲ್ಲಿ?" ಎಂದರು. ಅವನು ಏನೋ ಒಂದು ಹೆಸರು ಹೇಳಿದ. "ಅಲ್ಲಿ ಯಾವ ಮನೆ?" ಎಂದು ಕೇಳುವವರಿದ್ದರು; ನಾನು ಮೇಜಿನ ಕೆಳಗೆ ಅವರ ಕಾಲನ್ನು ಒತ್ತಿದೆ.

ಇಂಥವರೊಬ್ಬರು ನಿಮ್ಮ ಮನೆಯಲ್ಲೂ ಇರಬಹುದು. ನಮ್ಮ ಕಡೆಯ ಗಂಡಸರಿಗೆ ಹೊಸ ಮುಖ ಕಂಡರೆ ಮೊದಲು ಊರು ಬೇಕು, ಆಮೇಲೆ ಮನೆ ಬೇಕು, ಆಮೇಲೆ ಆ ಮನೆಗೂ ತಮ್ಮ ಮನೆಗೂ ಎಲ್ಲಿ ಸಂಬಂಧ ಎಂಬುದು ಬೇಕು. ಸಂಬಂಧ ಸಿಗುವವರೆಗೆ ಬಿಡುವುದಿಲ್ಲ. ಸಿಕ್ಕಿದ ಮೇಲೆ ಅದನ್ನು ಏನು ಮಾಡುವುದೆಂದು ಅವರಿಗೂ ಗೊತ್ತಿಲ್ಲ. ನಮ್ಮವರಿಗೆ ಈ ಚಾಳಿ ಸ್ವಲ್ಪ ಹೆಚ್ಚು. ಇದನ್ನು ಕಟ್ಟಿಕೊಂಡು ನಾನು ಬೊಂಬಾಯಿ ನೋಡಿದ್ದು ಹೇಗೆ ಎಂದು ಯಾರಿಗಾದರೂ ಹೇಳಬೇಕೆಂದು ಬಹಳ ದಿನಗಳಿಂದ ಇದ್ದೆ. ಅವರು ಈಗ ಮಧ್ಯಾಹ್ನದ ನಿದ್ದೆಯಲ್ಲಿದ್ದಾರೆ, ಹೇಳಿಬಿಡುತ್ತೇನೆ.

ಅದಕ್ಕೆ ಮೊದಲು ನಮ್ಮ ಮನೆಯ ಊಟದ ಕ್ರಮ ಹೇಳಬೇಕು. ಇಲ್ಲದಿದ್ದರೆ ನಾನು ಬೊಂಬಾಯಿಗೆ ಯಾಕೆ ಹೋದೆ ಎಂಬುದೇ ನಿಮಗೆ ತಿಳಿಯುವುದಿಲ್ಲ. ನನ್ನನ್ನು ಕೊಟ್ಟದ್ದು ಬೆಳ್ತಂಗಡಿಯ ಒಳಗಿನ ಒಂದು ಕೂಡುಕುಟುಂಬಕ್ಕೆ. ಗಂಡ ಬಂಟ್ವಾಳದಲ್ಲಿ ಹೈಸ್ಕೂಲು ಮಾಸ್ಟ್ರು. ವಾರವಿಡೀ ಪಾಣೆಮಂಗಳೂರಿನ ಒಂದು ಬಾಡಿಗೆ ಕೋಣೆಯಲ್ಲಿದ್ದು, ಶನಿವಾರ ಸಂಜೆಯ ಬಸ್ಸಿಗೆ ಬಂದು ಸೋಮವಾರ ಬೆಳಗಿನ ಬಸ್ಸಿಗೆ ಹೋಗುವವರು. ಆ ನಡುವಿನ ಊಟಗಳೆಲ್ಲ ಚಾವಡಿಯಲ್ಲಿ, ಮಾವನ, ಮೈದುನಂದಿರ, ಬಂದುಹೋಗುವ ನೆಂಟರ ಸಾಲಿನಲ್ಲಿ. ಅತ್ತೆ ಅನ್ನ ಬಡಿಸುತ್ತಿದ್ದರು, ನಾನು ಪದಾರ್ಥ ಬಡಿಸುತ್ತಿದ್ದೆ. ನಿಂತು ಬಡಿಸುವವಳಿಗೆ ಕುಳಿತು ಉಣ್ಣುವವನ ನೆತ್ತಿ ಮಾತ್ರ ಕಾಣುತ್ತದೆ. ಮದುವೆಯಾಗಿ ಒಂದೂವರೆ ವರ್ಷದಲ್ಲಿ ನನಗೆ ಗಂಡನ ನೆತ್ತಿಯ ಪೂರ್ಣ ಪರಿಚಯವಾಗಿತ್ತು. ಎರಡು ಸುಳಿ, ಎಡಗಡೆಯದು ತುಸು ದೊಡ್ಡದು.

ಗಂಡಸರು ಎದ್ದು ಕೈತೊಳೆದು ವೀಳ್ಯ ಹಾಕಿಕೊಂಡು, ಮಕ್ಕಳದ್ದಾಗಿ, ಆಳುಗಳಿಗೆ ಬಡಿಸಿಯಾದ ಮೇಲೆ ನಾವು ಹೆಂಗಸರು ಅಡುಗೆಮನೆಯಲ್ಲಿ ಕುಳಿತುಕೊಳ್ಳುತ್ತಿದ್ದೆವು. ಪಾತ್ರೆಯಲ್ಲಿ ಉಳಿದದ್ದು ನಮ್ಮದು. ಬಂಗುಡೆ ಮೀನಿನ ನಡುತುಂಡು ಹೇಗಿರುತ್ತದೆಂದು ಬಡಿಸುವಾಗ ನೋಡಿ ಬಲ್ಲೆ; ನಮ್ಮ ಪಾಲಿಗೆ ತಲೆ ಬರುತ್ತಿತ್ತು. ದೂರು ಹೇಳುತ್ತಿದ್ದೇನೆಂದು ತಿಳಿಯಬೇಡಿ. ಬಂಗುಡೆಯ ತಲೆಯಲ್ಲೂ ತಿನ್ನುವುದು ಉಂಟು, ಹುಡುಕಬೇಕು.

ಗಂಡನ ಎದುರು ಕುಳಿತು ಉಣ್ಣಬೇಕೆಂಬ ಆಸೆ ನನಗೆ ಹತ್ತಿಕೊಂಡದ್ದು ಗಂಡ ಯಾರೆಂದು ಗೊತ್ತಾಗುವುದಕ್ಕೆ ಎಷ್ಟೋ ಮೊದಲು. ನನ್ನ ತವರು ತೋಡಾರು. ಹನ್ನೊಂದು ವರ್ಷದವಳಿದ್ದಾಗ ಅಪ್ಪ ನನ್ನನ್ನೂ ಅಮ್ಮನನ್ನೂ ಮೂಡಬಿದ್ರೆಗೆ ಕರೆದುಕೊಂಡು ಹೋಗಿ ಸಾವಿರ ಕಂಬದ ಬಸದಿ ತೋರಿಸಿದರು. ಕಂಬಗಳನ್ನು ಎಣಿಸುತ್ತೇನೆಂದು ಹೊರಟು ನಲವತ್ತರ ಹತ್ತಿರ ಎಲ್ಲಿಗೆ ಬಂದೆನೆಂದು ಮರೆತು ಬಿಟ್ಟೆ. ಮರಳುವಾಗ ಬಸ್ಸು ನಿಲ್ಲುವಲ್ಲಿ ಇದ್ದ ಹೋಟೆಲಿಗೆ ಅಪ್ಪ ಒಬ್ಬರೇ ಹೋದರು. ಹೆಂಗಸರು ಹೋಟೆಲಿಗೆ ಹೋಗುವ ಕ್ರಮ ಇರಲಿಲ್ಲ. ನಮಗೆ ಗೋಳಿಬಜೆಯನ್ನು ಬಾಳೆಲೆಯಲ್ಲಿ ಕಟ್ಟಿಸಿ ತಂದರು. ಅದನ್ನು ಬಸ್ಸಿನ ಮರೆಯಲ್ಲಿ ನಿಂತು ತಿನ್ನುತ್ತಿದ್ದಾಗ ಹೋಟೆಲಿನ ಬಾಗಿಲಿನಿಂದ ಒಳಗೆ ಕಂಡಿತು: ಬೇರೆ ಊರಿನ ಆಫೀಸರರ ಹಾಗೆ ಕಾಣುವ ಒಬ್ಬ ಗಂಡಸು, ಅವರ ಎದುರಿಗೆ ಅವರ ಹೆಂಡತಿ, ನಡುವೆ ಒಂದು ಮೇಜು. ಹೆಂಡತಿ ಏನೋ ಹೇಳಿದಳು. ಗಂಡ ನಕ್ಕರು, ಅದೂ ಬಾಯಲ್ಲಿ ತಿಂಡಿ ಇರುವಾಗ. ಊಟದ ಹೊತ್ತಿಗೆ ಮಾತಾಡುತ್ತಾರೆ, ನಗುತ್ತಾರೆ ಎಂಬುದು ನನಗೆ ಹೊಸ ಸುದ್ದಿ. ಬಸದಿಯ ಕಂಬ ನನಗೆ ಒಂದೂ ನೆನಪಿಲ್ಲ, ಆ ಮೇಜು ಈಗಲೂ ನೆನಪುಂಟು.

ಅರವತ್ತರ ದಶಕದ ನಡುವಿನ ಒಂದು ಬೇಸಿಗೆ ರಜೆಯಲ್ಲಿ ನಮ್ಮವರ ಅಕ್ಕ, ಬೊಂಬಾಯಿಯ ಮಾಟುಂಗದಲ್ಲಿದ್ದ ಗಿರಿಜತ್ತಿಗೆ, ಇಬ್ಬರೂ ಬಂದು ಒಂದು ವಾರ ಇದ್ದು ಹೋಗಿ ಎಂದು ಕಾಗದ ಬರೆದರು. ಮಾವ ಕೂಡಲೇ ಒಪ್ಪಿದರು. ನಮಗೆ ಊರು ನೋಡುವುದಕ್ಕೆಂದು ಒಪ್ಪಿದ್ದಲ್ಲ. ಬೊಂಬಾಯಿಗೆ ಹೋಗುವವರು ಸಿಗದೆ ಅಕ್ಕಪಕ್ಕದ ಮನೆಗಳಲ್ಲಿ ಉಪ್ಪಿನಕಾಯಿ ಭರಣಿಗಳು ಕಾಯುತ್ತಿದ್ದವು. ಹೊರಡುವ ದಿನ ನಮ್ಮ ಬಟ್ಟೆ ಒಂದು ಟ್ರಂಕು, ಊರಿನ ಹಪ್ಪಳ, ಮಿಡಿ ಉಪ್ಪಿನಕಾಯಿ, ಒಣಮೀನು ಒಟ್ಟು ನಾಲ್ಕು ಮೂಟೆ. ಹುಬ್ಬಳ್ಳಿಯವರೆಗೆ ಬಸ್ಸು, ಅಲ್ಲಿಂದ ರೈಲು. ದಾರಿಯಲ್ಲಿ ಕಟ್ಟಿಕೊಂಡು ಬಂದ ಬುತ್ತಿಯನ್ನು ನಾವಿಬ್ಬರೂ ಒಟ್ಟಿಗೇ ತಿಂದೆವು, ಅದು ನಿಜ. ಆದರೆ ಪಕ್ಕಪಕ್ಕದಲ್ಲಿ. ನಮ್ಮಿಬ್ಬರ ನಡುವೆ ಒಣಮೀನಿನ ಮೂಟೆ ಇತ್ತು.

ಆ ಮೂಟೆಯ ಮೇಲಿಂದಲೇ ನಾನು ಮಾತು ತೆಗೆದೆ.

"ನಿಮ್ಮ ಹತ್ತಿರ ಒಂದು ಕೇಳುವುದುಂಟು."

"ಸೀರೆಯಾ?"

"ಅಲ್ಲ."

"ಮತ್ತೆಂತ, ಬಳೆಯಾ?"

"ಬೊಂಬಾಯಿಯಲ್ಲಿ ಒಂದು ಹೋಟೆಲಿಗೆ ಹೋಗುವ. ಒಂದು ಮೇಜು. ನೀವು ಆಚೆ, ನಾನು ಈಚೆ. ಬೇರೆ ಯಾರೂ ಬೇಡ."

"ಅಷ್ಟೇಯಾ?"

"ಅಷ್ಟೇ."

"ಬೊಂಬಾಯಿಯಲ್ಲಿ ಹೋಟೆಲಿಗೆಂತ ಬರಗಾಲ? ಒಂದಲ್ಲ, ಹತ್ತು ಸಲ ಹೋಗುವ."

ಹೋಟೆಲಿಗೆ ಬರಗಾಲ ಇರಲಿಲ್ಲ, ಅದು ಸರಿಯೇ. ಆದರೆ ಆ ಹೋಟೆಲುಗಳಲ್ಲಿ ಯಾರು ಇರುತ್ತಾರೆ ಎಂದು ನಾವಿಬ್ಬರೂ ಯೋಚನೆ ಮಾಡಿರಲಿಲ್ಲ. ನಮ್ಮ ಊರುಗಳಲ್ಲಿ ಪರೀಕ್ಷೆ ಫೇಲಾದವರು, ಮಾವನ ಹತ್ತಿರ ಜಗಳ ಮಾಡಿದವರು, ಗದ್ದೆಯ ಕೆಲಸ ಬೇಡವಾದವರು, ಎಲ್ಲರೂ ಬಸ್ಸು ಹತ್ತಿ ಹೋದದ್ದು ಅಲ್ಲಿಗೇ.

ಮೊದಲ ದಿನ ಗೇಟ್‌ವೇ ನೋಡಿದೆವು. ಅದೊಂದು ದೊಡ್ಡ ಬಾಗಿಲು. ಹಿಂದೆ ಮನೆ ಇಲ್ಲ, ಸಮುದ್ರ ಉಂಟು. ನಮ್ಮವರು ಅದರ ಕುರಿತು ಕ್ಲಾಸಿನಲ್ಲಿ ಮಾಡುವ ಪಾಠವನ್ನು ನನಗೂ ಮಾಡಿದರು. ಪಾಠ ಮುಗಿಯುವಾಗ ನನಗೆ ಒಳ್ಳೆಯ ಹಸಿವು. ಕೋಟೆ ಎಂದು ಕರೆಯುವ ಪೇಟೆಯ ಕಡೆ ನಡೆದು ಒಂದು ಹೋಟೆಲು ಹೊಕ್ಕೆವು. ಎದುರುಬದುರು ಕುರ್ಚಿ ಇದ್ದ ಮೇಜು ಖಾಲಿ ಇತ್ತು. ನಾನು ಕುಳಿತೆ, ಅವರು ಕುಳಿತರು. ನಾನು ಸೆರಗು ಸರಿಮಾಡಿಕೊಳ್ಳುವಷ್ಟರಲ್ಲಿ ಸಪ್ಲೈಯರು ಬಂದು ಹಿಂದಿಯಲ್ಲಿ ಏನು ಬೇಕು ಎಂದು ಕೇಳಿದ. ಅವನ ಹಿಂದಿಯ ರಾಗ ನಮ್ಮವರ ಕಿವಿಗೆ ಬಿದ್ದದ್ದೇ ತಡ, ತುಳುವಿನಲ್ಲಿ "ಊರು ಓಲು?" ಎಂದು ಬಿಟ್ಟರು.

ಅವನ ಊರು ಕನ್ಯಾನ. ಧಣಿಯ ಊರು ಬಂಟ್ವಾಳದ ಆಚೆ. ಎರಡು ನಿಮಿಷದಲ್ಲಿ ಧಣಿ ಹಣದ ಗಲ್ಲೆ ಬಿಟ್ಟು ಬಂದರು. ಐದು ನಿಮಿಷದಲ್ಲಿ ನಮ್ಮವರ ದೊಡ್ಡಮ್ಮನ ಮಗಳನ್ನು ಅವರ ಸೋದರಮಾವನಿಗೆ ಕೊಟ್ಟದ್ದು ಎಂದು ತೀರ್ಮಾನವಾಯಿತು.

"ತಂಗಿ, ನೀವು ಇಲ್ಲಿ ಗಂಡಸರ ನಡುವೆ ಯಾಕೆ ಕೂತದ್ದು?" ಎಂದು ಧಣಿ ನನಗೆ ಬಹಳ ಮರ್ಯಾದೆಯಿಂದ ಹೇಳಿದರು. "ಒಳಗೆ ಫ್ಯಾಮಿಲಿ ರೂಮು ಉಂಟು. ನಿಮ್ಮ ಗಂಡನ ಹತ್ತಿರ ನಾನು ಮಾತಾಡ್ತಾ ಇರ್ತೇನೆ."

ಫ್ಯಾಮಿಲಿ ರೂಮು ಎಂದರೆ ಮೂರು ಕಡೆ ಹಲಗೆ, ಒಂದು ಕಡೆ ಪರದೆ. ಒಳಗೆ ಫ್ಯಾಮಿಲಿ ಎಂದು ನಾನೊಬ್ಬಳೇ. ಎದುರಿನ ಹಲಗೆಯಲ್ಲಿ ಒಂದು ಕ್ಯಾಲೆಂಡರು ಇತ್ತು. ಅದರ ಎದುರು ಕುಳಿತು ಒಂದು ಮಸಾಲೆದೋಸೆ, ಒಂದು ಜಹಾಂಗೀರು ತಿಂದೆ. ಎರಡೂ ಚೆನ್ನಾಗಿದ್ದವು. ಏಕಾದಶಿ ಯಾವತ್ತೆಂದು ನನಗೆ ಆ ತಿಂಗಳಿಡೀ ಬಾಯಿಪಾಠ ಇತ್ತು.

ಮರುದಿನ ಮಹಾಲಕ್ಷ್ಮಿ ದೇವಸ್ಥಾನಕ್ಕೆ ಹೋಗುವ ಮೊದಲೇ ಅವರಿಂದ ಮಾತು ತೆಗೆದುಕೊಂಡೆ: ತುಳು ಮಾತಾಡುವುದಿಲ್ಲ, ಊರು ಕೇಳುವುದಿಲ್ಲ. ಅವರು ಮಾತು ಉಳಿಸಿಕೊಂಡರು. ಹೋಟೆಲಿನಲ್ಲಿ ಶುದ್ಧ ಹಿಂದಿಯಲ್ಲಿ, ಪರೀಕ್ಷೆಗೆ ಓದಿದ ಹಿಂದಿಯಲ್ಲಿ, "ಕೃಪಯಾ ದೋ ಭೋಜನ್" ಎಂದರು. ಸಪ್ಲೈಯರು ಅವರನ್ನು ಒಂದು ಕ್ಷಣ ನೋಡಿ, "ಮಾಸ್ಟ್ರೇ, ನೀವು ಬೆಳ್ತಂಗಡಿಯವರಾ, ಬಂಟ್ವಾಳದವರಾ?" ಎಂದು ಕೇಳಿದ.

ಈ ಹೋಟೆಲಿನ ಧಣಿಯೂ ನಮ್ಮ ಕಡೆಯವರೇ, ಅವರ ಮನೆ ಮಾಳಿಗೆಯಲ್ಲೇ ಇತ್ತು. ಊರಿನ ಮಾಸ್ಟ್ರ ಹೆಂಡತಿ ಹೋಟೆಲಿನಲ್ಲಿ ಉಣ್ಣುವುದೇ ಎಂದು ನನ್ನನ್ನು ಮೇಲೆ ಕಳುಹಿಸಿದರು. ಮೇಲೆ ಅವರ ಹೆಂಡತಿ, ಅತ್ತೆ, ನಾದಿನಿ ಇದ್ದರು. ಅಡುಗೆ ಇನ್ನೂ ಆಗಿರಲಿಲ್ಲ. ಸುಮ್ಮನೆ ಕೂರುವುದು ಹೇಗೆ? ಗಂಡನ ಎದುರು ಕೂರುವುದಕ್ಕೆಂದು ಬೊಂಬಾಯಿಗೆ ಬಂದವಳು ಗುರುತಿಲ್ಲದ ಅಡುಗೆಮನೆಯಲ್ಲಿ ಕುಳಿತು ಎರಡು ತೆಂಗಿನಕಾಯಿ ತುರಿದೆ. ಕೆಳಗೆ ಗಂಡಸರದ್ದಾದ ಮೇಲೆ ನಾವು ಉಂಡೆವು.

ಮೂರನೆಯ ದಿನ ಬಾಯಿಯನ್ನೇ ತೆರೆಯದೆ ಕೈಸನ್ನೆಯಲ್ಲಿ ಹೇಳಿದರು. ಆದರೆ ಮೇಜಿನ ಮೇಲೆ ಇಟ್ಟ ಬಟ್ಟೆಚೀಲದಲ್ಲಿ ಬಂಟ್ವಾಳ ಕೆಳಗಿನಪೇಟೆ ಎಂದು ಕನ್ನಡದಲ್ಲಿ ದಪ್ಪಕ್ಕೆ ಅಚ್ಚಾಗಿತ್ತು. ಆ ದಿನದ ಊಟದ ವಿವರ ಬೇಡ. ಇಷ್ಟರ ಮೇಲೆ ಗಿರಿಜತ್ತಿಗೆಯ ಮನೆ. ಅದು ಚಾಳಿನ ಒಂದೇ ಕೋಣೆ. ಚಾವಡಿ, ಅಡುಗೆಮನೆ ಎಂಬ ಭೇದ ಇರಲಿಲ್ಲ. ಆದರೂ ಭಾವನೂ ನಮ್ಮವರೂ ಮೊದಲು ಉಂಡು ಎದ್ದು, ಬಾಗಿಲ ಹೊರಗೆ ಮೊಗಸಾಲೆಯಲ್ಲಿ ನಿಂತುಕೊಳ್ಳುತ್ತಿದ್ದರು, ನಾವು ಅದೇ ಜಾಗದಲ್ಲಿ ಅದೇ ಚಾಪೆಯಲ್ಲಿ ಆಮೇಲೆ ಕೂರುತ್ತಿದ್ದೆವು. ಬೆಳ್ತಂಗಡಿಯನ್ನು ಮಡಚಿ ಟ್ರಂಕಿನಲ್ಲಿಟ್ಟು ತಂದು ಇಲ್ಲಿ ಬಿಡಿಸಿದ ಹಾಗಿತ್ತು.

ಊರೇನೋ ಚೆನ್ನಾಗಿಯೇ ನೋಡಿದೆವು, ಸುಳ್ಳು ಹೇಳಬಾರದು. ಎರಡು ಮಾಳಿಗೆಯ ಬಸ್ಸಿನ ಮೇಲೆ ಕುಳಿತೆವು. ತೂಗು ಉದ್ಯಾನ ನೋಡಿದೆವು, ಎಲ್ಲೂ ತೂಗುತ್ತಿರಲಿಲ್ಲ. ಚೌಪಾಟಿಯಲ್ಲಿ ಸಾವಿರಾರು ಜನ ಸಮುದ್ರ ನೋಡುತ್ತಿದ್ದರು, ನಾವೂ ನೋಡಿದೆವು. ನಮ್ಮ ಕಡೆಯ ಸಮುದ್ರವೇ, ನೀರು ಸ್ವಲ್ಪ ಮಾಸಿತ್ತು. ಎಲ್ಲಿ ಹೋದರೂ ಊಟದ ಹೊತ್ತಿಗೆ ಮಾತ್ರ ನಾನೊಂದು ಕಡೆ, ಅವರೊಂದು ಕಡೆ.

ನನಗೆ ನಿಜಕ್ಕೂ ಸಿಟ್ಟು ಬಂದದ್ದು ರಾಣಿಬಾಗಿನ ಪ್ರಾಣಿಸಂಗ್ರಹಾಲಯದಲ್ಲಿ, ನೀರುಕುದುರೆಯ ಕೊಳದ ಕಟಾಂಜನದ ಎದುರು. ಮರುದಿನ ಸಂಜೆಗೆ ನಮ್ಮ ರೈಲು.

"ನಾಳೆ ಹೊರಡುವುದು," ಎಂದೆ. "ನಾನು ಇಲ್ಲಿ ಎದುರು ಕೂತು ನೋಡಿದ್ದು ಒಂದು ಕ್ಯಾಲೆಂಡರನ್ನು ಮಾತ್ರ."

"ಊರಿನವರು ಅಷ್ಟು ಪ್ರೀತಿಯಲ್ಲಿ ಕರೆಯುವಾಗ ಬೇಡ ಎನ್ನುವುದು ಹೇಗೆ ಮಾರಾಯ್ತಿ?"

"ಅವರಾಗಿ ಕರೆಯುವುದಲ್ಲ, ನೀವು ಹೋಗಿ ಕೇಳುವುದು. ಒಂದು ಸಲ ನನ್ನ ಮುಖ ನೋಡಿಕೊಂಡು ಉಣ್ಣಲಿಕ್ಕೆ ನಿಮಗೆ ಎಂತ ಕಷ್ಟ?"

ಅವರು ನೀರುಕುದುರೆಯ ಕಡೆ ತಿರುಗಿದರು. ಅದು ನೀರಿನಿಂದ ಕಣ್ಣು ಮಾತ್ರ ಮೇಲೆ ಮಾಡಿ ನಮ್ಮನ್ನು ನೋಡಿತು. ಅದಕ್ಕೇ ಹೇಳುವವರ ಹಾಗೆ ಹೇಳಿದರು: "ನಿನ್ನ ಹತ್ತಿರ ಎಂತ ಮಾತಾಡುವುದೆಂದು ನನಗೆ ಗೊತ್ತಾಗುವುದಿಲ್ಲ ವಾರಿಜ. ಅವರ ಹತ್ತಿರ ಆದರೆ ಊರು ಕೇಳಬಹುದು."

ನನ್ನ ಸಿಟ್ಟು ಇಳಿಯಿತು ಎನ್ನಲಾರೆ. ಆದರೆ ಅದನ್ನು ಎಲ್ಲಿ ಇಡುವುದೆಂದು ತಿಳಿಯಲಿಲ್ಲ. ಒಂದೂವರೆ ವರ್ಷ ನಾನು ಈ ಮನುಷ್ಯನಿಗೆ ನನ್ನ ಮೇಲೆ ಲಕ್ಷ್ಯವಿಲ್ಲವೆಂದು ತಿಳಿದಿದ್ದೆ. ನಲವತ್ತು ಮಕ್ಕಳೆದುರು ಗಂಟೆಗಟ್ಟಲೆ ಮಾತಾಡುವವರಿಗೆ ನನ್ನೊಬ್ಬಳ ಎದುರು ಹೆದರಿಕೆ ಎಂದು ನನಗೆ ಹೊಳೆದಿರಲೇ ಇಲ್ಲ. ನನಗೂ ಅವರ ಹತ್ತಿರ ಏನು ಮಾತಾಡುವುದೆಂದು ಗೊತ್ತಿರಲಿಲ್ಲ. ಎದುರು ಕೂತರೆ ತಾನಾಗಿ ಬರುತ್ತದೆಂದು ನಂಬಿದ್ದೆ, ಅಷ್ಟೇ.

ಕೊನೆಯ ದಿನ ಮಧ್ಯಾಹ್ನ ಅವರೇ ಮುಂದೆ ನಡೆದು ಒಂದು ರಸ್ತೆಯ ಮೂಲೆಯಲ್ಲಿದ್ದ ಇರಾನಿ ಹೋಟೆಲಿಗೆ ಕರೆದುಕೊಂಡು ಹೋದರು. ಹೊರಗೆ ನಿಂತು ಒಳಗಿನವರನ್ನೆಲ್ಲ ಒಮ್ಮೆ ಚೆನ್ನಾಗಿ ನೋಡಿ, "ಇಲ್ಲಿ ನಮ್ಮ ಊರಿನವರು ಇರಲಿಕ್ಕಿಲ್ಲ" ಎಂದರು. ಬಟ್ಟೆಚೀಲವನ್ನು ಗಿರಿಜತ್ತಿಗೆಯ ಮನೆಯಲ್ಲೇ ಬಿಟ್ಟು ಬಂದಿದ್ದರು. ಎತ್ತರದ ಮಾಡು, ಗೋಡೆಯಲ್ಲಿ ಕನ್ನಡಿ, ಬಿಳಿ ಕಲ್ಲಿನ ಮೇಜು, ಬಾಗಿದ ಕಾಲಿನ ಕುರ್ಚಿ. ಅನ್ನ ಇರಲಿಲ್ಲ. ಅನ್ನವಿಲ್ಲದ್ದು ಊಟವಲ್ಲ ಎಂಬ ಹಟವನ್ನು ನಾನು ಅಷ್ಟರಲ್ಲಿ ಬಿಟ್ಟಿದ್ದೆ. ಅವರು ಆಚೆ ಕುಳಿತರು, ನಾನು ಈಚೆ ಕುಳಿತೆ. ನಡುವೆ ಮೇಜು ಬಿಟ್ಟರೆ ಏನೂ ಇರಲಿಲ್ಲ. ನನ್ನ ಕೈ ಎಲ್ಲಿಡುವುದೆಂದು ತಿಳಿಯದೆ ಮಡಿಲಲ್ಲಿ ಇಟ್ಟುಕೊಂಡೆ.

ಸಪ್ಲೈಯರು ಬಂದು ನಿಂತ. ನಮ್ಮವರು ನನ್ನನ್ನು ನೋಡಿದರು.

"ನಿನಗೆ ಎಂತ ಬೇಕು?"

ನಾನು ಯೋಚಿಸಿದೆ. ಸಪ್ಲೈಯರು ಕಾದ. ಇನ್ನೂ ಯೋಚಿಸಿದೆ. ಅಂಥ ದೊಡ್ಡ ಪ್ರಶ್ನೆಯೇನಲ್ಲ, ಆದರೆ ಅದನ್ನು ನನ್ನ ಹತ್ತಿರ ಅದುವರೆಗೆ ಯಾರೂ ಕೇಳಿರಲಿಲ್ಲ. ತೋಡಾರಿನಲ್ಲಿ ಅಮ್ಮ ಬಡಿಸಿದ್ದು ತಿಂದೆ, ಬೆಳ್ತಂಗಡಿಯಲ್ಲಿ ಪಾತ್ರೆಯಲ್ಲಿ ಉಳಿದದ್ದು ತಿಂದೆ. ಅದರಲ್ಲಿ ನನಗೆ ಯಾವುದು ಇಷ್ಟ, ಯಾವುದು ಇಷ್ಟವಿಲ್ಲ ಎಂದು ನನಗೇ ಗೊತ್ತಿರಲಿಲ್ಲ.

"ಗೊತ್ತಿಲ್ಲ," ಎಂದೆ. ಹಾಗೆ ಹೇಳುವಾಗ ನಾಚಿಕೆಯಾಯಿತು.

ಅವರು ನಗಲಿಲ್ಲ. ಗಾಜಿನ ಕಪಾಟಿನಲ್ಲಿ ಇದ್ದದ್ದನ್ನೆಲ್ಲ ಒಂದೊಂದಾಗಿ ಬೆರಳು ಮಾಡಿ ತೋರಿಸಿದರು. ಬೆಣ್ಣೆ ಸವರಿದ ಬನ್ನು, ಆಮ್ಲೆಟ್ಟು, ಖೋವಾ ಹಾಕಿದ ಮಾವಾ ಕೇಕು, ಖಾರಿ ಬಿಸ್ಕತ್ತು, ಎರಡು ಚಾ, ಕೆಂಪು ಬಣ್ಣದ ಒಂದು ಸೋಡಾ. ಎಲ್ಲವೂ ಬಂತು. ಎಲ್ಲವನ್ನೂ ನನ್ನ ಕಡೆಗೆ ಸರಿಸಿದರು.

ಆಗಲೇ ಪಕ್ಕದ ಮೇಜಿಗೆ ಇಬ್ಬರು ಬಂದು ಕುಳಿತರು. ಬಿಳಿ ಟೊಪ್ಪಿ, ಇಸ್ತ್ರಿ ಮಾಡಿದ ಅಂಗಿ. ಮಾತಾಡಿದ್ದು ನಮ್ಮ ಕರಾವಳಿಯ ಮುಸಲ್ಮಾನರ ಬ್ಯಾರಿ ಭಾಷೆ. ಪಾಣೆಮಂಗಳೂರಿನ ಹೊಳೆಯ ಸಂಕದ ಹತ್ತಿರದ ಒಂದು ಅಂಗಡಿಯ ಮಾತು. ನಮ್ಮವರ ಬಾಡಿಗೆ ಕೋಣೆಗೆ ಎದುರಿನ ಅಂಗಡಿ ಅದು. ದಿನಾ ಸಂಜೆ ಅದರ ಬೆಂಚಿನಲ್ಲಿ ಕುಳಿತು ಪೇಪರು ಓದುವವರು ನಮ್ಮವರು. ನಾನು ಎದುರಿಗೇ ಇದ್ದೆನಲ್ಲ, ಅವರ ಮುಖದಲ್ಲಿ ಆದದ್ದನ್ನೆಲ್ಲ ನೋಡಿದೆ. ಮೊದಲು ಕಿವಿ ನಿಗುರಿತು. ಆಮೇಲೆ ತುಟಿ ತೆರೆಯಿತು, ಮುಚ್ಚಿತು. ಕೊನೆಗೆ ಸೀನು ತಡೆದುಕೊಂಡವರ ಹಾಗೆ ಕಣ್ಣಲ್ಲಿ ನೀರು ಬಂತು. ಚಾ ಎತ್ತಿ ಒಂದೇ ಸಲಕ್ಕೆ ಕುಡಿದರು, ಅದು ಬಿಸಿ ಇತ್ತು.

ಅಷ್ಟರಲ್ಲಿ ಆ ಇಬ್ಬರಲ್ಲಿ ಹಿರಿಯವರು ತಿರುಗಿ ನಮ್ಮವರನ್ನೇ ನೋಡಿದರು. ತುಳುವಿನಲ್ಲಿ ಕೇಳಿದರು: "ನೀವು ಬಂಟ್ವಾಳದ ಮಾಸ್ಟ್ರಲ್ವಾ?"

ಮುಗಿಯಿತು ಎಂದುಕೊಂಡೆ. ಕೈಯಲ್ಲಿದ್ದ ಬನ್ನಿನ ತುಂಡನ್ನು ಬಟ್ಟಲಲ್ಲಿ ಇಟ್ಟೆ. ಇನ್ನು ಇವರು ಎದ್ದು ಆ ಮೇಜಿಗೆ ಹೋಗುತ್ತಾರೆ, ನನ್ನನ್ನು ಯಾರದೋ ಮನೆಯ ಹೆಂಗಸರ ಹತ್ತಿರ ಕಳುಹಿಸುತ್ತಾರೆ, ಸಂಜೆ ರೈಲು.

ನಮ್ಮವರು ನನ್ನನ್ನು ನೋಡಿದರು. ಆಮೇಲೆ ಆ ಹಿರಿಯವರ ಕಡೆ ತಿರುಗಿ, ಅಚ್ಚ ತುಳುವಿನಲ್ಲಿ, "ಅಲ್ಲ" ಎಂದರು.

ಹಿರಿಯವರು ಅವರನ್ನು ನೋಡಿದರು, ನನ್ನನ್ನು ನೋಡಿದರು, ನಮ್ಮ ನಡುವೆ ಹರಡಿದ್ದ ಬಟ್ಟಲುಗಳನ್ನು ನೋಡಿದರು. "ಹೌದಾ. ಹಾಗಾದರೆ ಅದು ಬೇರೆ ಯಾರೋ," ಎಂದು ಬಹಳ ಗಂಭೀರವಾಗಿ ಹೇಳಿ, ತಮ್ಮ ಕುರ್ಚಿಯನ್ನು ಎತ್ತಿ ನಮಗೆ ಬೆನ್ನು ಮಾಡಿ ಕುಳಿತುಕೊಂಡರು. ಜೊತೆಯವರಿಗೂ ಹಾಗೇ ಮಾಡಲು ಹೇಳಿದರು. ಆ ಮನುಷ್ಯರ ಹೆಸರು ನನಗೆ ಇಂದಿಗೂ ಗೊತ್ತಿಲ್ಲ. ದೇವರು ಅವರನ್ನು ಚೆನ್ನಾಗಿ ಇಟ್ಟಿರಲಿ.

ಸುಳ್ಳು ಹೇಳಿದ ಮಾಸ್ಟ್ರು ಕಿವಿಯವರೆಗೆ ಕೆಂಪಾಗಿ ಕುಳಿತಿದ್ದರು. ನನಗೆ ಅವರ ಮೇಲೆ ಎಷ್ಟು ಪ್ರೀತಿ ಬಂತೆಂದರೆ ಏನು ಮಾಡುವುದೆಂದು ತಿಳಿಯದೆ ತಿನ್ನಲು ಶುರುಮಾಡಿದೆ. ಬನ್ನು ಅರ್ಧ ತಿಂದೆ. ಆಮ್ಲೆಟ್ಟಿನ ಒಂದು ಬದಿ ತಿಂದೆ. ಖಾರಿ ಬಿಸ್ಕತ್ತು ಕಚ್ಚಿ ನೋಡಿ ಕೆಳಗಿಟ್ಟೆ. ಮಾವಾ ಕೇಕು ಪೂರ್ತಿ ತಿಂದೆ. ಅವರು ನಾನು ತಿನ್ನುವುದನ್ನು ನೋಡುತ್ತ ಕುಳಿತಿದ್ದರು, ನಾನು ಸಾಕು ಎಂದು ಕೈ ತೆಗೆದ ಮೇಲೆ ಬಟ್ಟಲುಗಳನ್ನು ತಮ್ಮ ಕಡೆಗೆ ಎಳೆದುಕೊಂಡರು. ನಾನು ಬಿಟ್ಟ ಬನ್ನು, ನಾನು ಬಿಟ್ಟ ಆಮ್ಲೆಟ್ಟು, ನಾನು ಕಚ್ಚಿದ ಬಿಸ್ಕತ್ತು, ಒಂದನ್ನೂ ಬಿಡದೆ ತಿಂದರು. ನಮ್ಮ ಮನೆಯಲ್ಲಿ ಯಾವ ಗಂಡಸೂ ಹಾಗೆ ತಿಂದದ್ದನ್ನು ನಾನು ನೋಡಿರಲಿಲ್ಲ. ಅವರಿಗೆ ಅದು ಗೊತ್ತಾಗಲೂ ಇಲ್ಲವೋ ಏನೋ, ಹಸಿದಿದ್ದರು.

ಕೈ ಒರೆಸಿಕೊಂಡು ಕೇಳಿದರು: "ಯಾವುದು ಒಳ್ಳೇದಿತ್ತು?"

ಕೇಕು ಎಂದು ನಾಲಿಗೆಯ ತುದಿಗೆ ಬಂದಿತ್ತು. ಹೇಳಿಬಿಟ್ಟರೆ ಅವರು ಎದ್ದುಬಿಡುತ್ತಾರೆ.

"ಇನ್ನೊಮ್ಮೆ ತಿಂದು ನೋಡಿ ಹೇಳ್ತೇನೆ," ಎಂದೆ.

ಅವರು ನನ್ನ ಮುಖವನ್ನೇ ನೋಡುತ್ತ ಸಪ್ಲೈಯರಿಗೆ ಕೈ ಎತ್ತಿದರು.